ನೂರ ನಲವತ್ತು ನಿಮಿಷ

“ಮೂವತ್ತು ಅಂತ ಹಾಕು ಮಾರಾಯ್ತಿ, ಇಷ್ಟು ವರ್ಷ ಅದನ್ನೇ ಹಾಕಿದ್ದಲ್ವಾ?” ಎಂದು ಮ್ಯಾನೇಜರ್ ಕಮಲಾಕ್ಷ ಗಡಿಬಿಡಿ ಮಾಡಿದರು. ಶಶಿಪ್ರಭಾಳ ಬೆರಳು ಟ್ಯಾಬಿನ ಮೇಲೆ ನಿಂತೇ ಇತ್ತು. ಪರದೆಯಲ್ಲಿ ಅಂಡಿಂಜೆಯ ಧರ್ಣಪ್ಪನ ಹೆಸರು, ಕೆಳಗೊಂದು ಖಾಲಿ ಚೌಕ: ಗಾಯಾಳು ಬಂದ ಎಷ್ಟು ನಿಮಿಷಕ್ಕೆ ಆಪರೇಶನ್ ಶುರುವಾಯಿತು? ಮೂರು ತಿಂಗಳ ಅಪಘಾತದ ಕೇಸುಗಳೆಲ್ಲ ಸಂಜೆ ಐದರೊಳಗೆ ಮಂಗಳೂರಿನ ಟ್ರಸ್ಟ್ ಕಚೇರಿಗೆ ಹೋಗಬೇಕಿತ್ತು. ಈಗಲೇ ನಾಲ್ಕು ಗಂಟೆ.

ವೇಣೂರಿನ ಈ ನಲವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ದಾಖಲೆ ಬರೆಯುವವಳು ಶಶಿಪ್ರಭಾ. ಮೊನ್ನೆಮೊನ್ನೆಯವರೆಗೆ ಅಲ್ಲಿನ ಪದ್ಧತಿಯೇ ಬೇರೆ. ತಿಂಗಳ ಕೊನೆಯ ಶನಿವಾರ ಒಂದು ತಟ್ಟೆ ಗೋಳಿಬಜೆ, ಎರಡು ಲೋಟ ಚಾ, ಒಂದು ದಪ್ಪ ಪುಸ್ತಕ. ಕಮಲಾಕ್ಷರು ಹೆಸರು ಓದುವುದು, ಇವಳು ಬರೆಯುವುದು. ಸಮಯದ ಕಾಲಮ್ಮಿಗೆ ಬಂದಾಗ ಯಾರಿಗೆ ನೆನಪಿರುತ್ತದೆ ಹೇಳಿ? ಮೂವತ್ತು! ಎಲ್ಲ ಮೂವತ್ತೇ ಆದರೆ ಚಂದ ಕಾಣುವುದಿಲ್ಲವೆಂದು ನಡುನಡುವೆ ಒಂದು ಇಪ್ಪತ್ತೆಂಟು, ಒಂದು ಮೂವತ್ತೆರಡು. ಆ ಪಟ್ಟಿಯೇ ಮಂಗಳೂರಿಗೂ ಹೋಗುತ್ತಿತ್ತು. ಟ್ರಸ್ಟಿನ ಐದು ಆಸ್ಪತ್ರೆಗಳಲ್ಲಿ ವೇಣೂರೇ ಮೊದಲು ಎಂದು ವರ್ಷವರ್ಷವೂ ಶಹಬ್ಬಾಸ್‌ಗಿರಿಯ ಪತ್ರ ಬರುತ್ತಿತ್ತು. ಈಗ ಟ್ಯಾಬ್ ಬಂದಿದೆ. ಗಾಯಾಳು ಬಾಗಿಲಿಗೆ ಬಂದಾಗ ಒಮ್ಮೆ ಒತ್ತಬೇಕು, ಆಪರೇಶನ್ ಶುರುವಾದಾಗ ಇನ್ನೊಮ್ಮೆ. ಸಮಯವನ್ನು ಅದೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಗೋಳಿಬಜೆ ತಿನ್ನಿಸಿ ಪುಸಲಾಯಿಸಲು ಬರುವುದಿಲ್ಲ. ಹಳೆಯ ಮೂರು ತಿಂಗಳದ್ದನ್ನು ಮಾತ್ರ ಕೈಯಲ್ಲೇ ತುಂಬಬೇಕು.

ಧರ್ಣಪ್ಪನದು ಅವಳ ಕಣ್ಣೆದುರೇ ನಡೆದದ್ದು. ಎರಡು ತಿಂಗಳ ಹಿಂದೆ, ಬೆಳಿಗ್ಗೆ ಡೇರಿಗೆ ಹಾಲು ಕೊಟ್ಟು ಬರುತ್ತಿದ್ದವನ ಬೈಕಿಗೆ ಪಿಕಪ್ ಬಡಿದು ಕಾಲು ಜಜ್ಜಿಹೋಗಿತ್ತು. ಆಪರೇಶನ್ ಮಾಡುವ ಡಾಕ್ಟರು ಕೈ ತೊಳೆದು ತಯಾರಾಗಿ ನಿಂತಿದ್ದರು. ಅರಿವಳಿಕೆ ಕೊಡುವ ಡಾಕ್ಟರು ಮೂಡುಬಿದಿರೆಯಿಂದ ಬರಬೇಕು. ಅವರು ಅಲ್ಲಿ ಇನ್ನೊಂದು ಆಪರೇಶನ್ನಿನ ನಡುವೆ ಸಿಕ್ಕಿಕೊಂಡಿದ್ದರು. ಈಗ ಬಂದರು, ಈಗ ಬಂದರು ಎನ್ನುತ್ತಲೇ ಹೊತ್ತು ಹೋಯಿತು, ಕಾಲು ತಣ್ಣಗಾಯಿತು. ಕೊನೆಗೆ ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು. ಆ ತಿಂಗಳ ಕೊನೆಯ ಶನಿವಾರ ಅವನ ಹೆಸರಿನ ಮುಂದೆಯೂ ಶಶಿಪ್ರಭಾ ಮೂವತ್ತು ಎಂದೇ ಬರೆದಿದ್ದಳು. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಅವಳು ಎದ್ದು ಕಿಟಕಿಯಿಂದ ಆಂಬುಲೆನ್ಸ್ ಡ್ರೈವರನ್ನು ಕೂಗಿದಳು. “ಹನೀಫಣ್ಣ, ನಿಮ್ಮ ಟ್ರಿಪ್ ಪುಸ್ತಕ ಉಂಟಲ್ಲ, ತನ್ನಿ ಒಮ್ಮೆ. ಧರ್ಣಪ್ಪನದ್ದು ನೋಡಲಿಕ್ಕುಂಟು.”

ಹನೀಫಾ ಪುಟ ತಿರುವುತ್ತಲೇ ಒಳಗೆ ಬಂದರು. “ಧರ್ಣಪ್ಪಂದಾ ಅಕ್ಕ? ಗೇಟಿಗೆ ಬಂದದ್ದು ಏಳು ನಲವತ್ತಕ್ಕೆ. ಪೇಟೆಯಲ್ಲಿ ಬಸ್ಸಿನವರೆಲ್ಲ ಬದಿಗೆ ಹೋಗಿ ದಾರಿ ಬಿಟ್ಟಿದ್ದರು, ನೆನಪುಂಟು ನನಗೆ. ಇಲ್ಲಿ ತಂದು ಸುಮ್ಮನೆ ಮಲಗಿಸಿದ ಮೇಲೆ, ನಾನು ಅಷ್ಟು ಓಡಿಸಿದ್ದಾದರೂ ಎಂತಕ್ಕೆ ಅನಿಸಿತು.”

ಆಪರೇಶನ್ ಕೋಣೆಯ ಪುಸ್ತಕದಲ್ಲಿ ಹತ್ತು ಗಂಟೆ ಎಂದಿತ್ತು. ಲೆಕ್ಕ ಹಾಕಲು ಕಷ್ಟವೇನಿರಲಿಲ್ಲ. ನೂರ ನಲವತ್ತು ನಿಮಿಷ.

“ನಿನಗೆ ಮಂಡೆ ಸರಿ ಉಂಟಾ?” ಕಮಲಾಕ್ಷರ ಸ್ವರ ಏರಿತು. “ಐದರಲ್ಲಿ ಐದನೆಯವರಾಗ್ತೇವೆ! ಹಳೆಯದೆಲ್ಲ ಸುಳ್ಳು ಅಂತ ಗೊತ್ತಾದರೆ ಮೊದಲು ಹೋಗುವುದು ನಿನ್ನ ಕೆಲಸ.”

“ಸರ್, ನಮಗೇ ಒಬ್ಬರು ಅರಿವಳಿಕೆ ಡಾಕ್ಟರು ಬೇಕು ಅಂತ ಟ್ರಸ್ಟಿಗೆ ಎಷ್ಟು ಸಲ ಬರೆದಿದ್ದೇವೆ?”

“ಮೂರು ಸಲ.”

“ಅವರೇನು ಹೇಳಿದ್ದರು?”

ಕಮಲಾಕ್ಷರು ಕನ್ನಡಕ ತೆಗೆದು ಒರೆಸಿದರು. ಮೂರೂ ಸಲ ಬಂದ ಉತ್ತರವನ್ನು ಅವಳಿಗೆ ಓದಿ ಹೇಳಿದ್ದು ಅವರೇ. ಅರ್ಧ ಗಂಟೆಯಲ್ಲಿ ಆಪರೇಶನ್ ಶುರು ಮಾಡುವ ನಿಮಗೆ ಇನ್ನೊಬ್ಬ ಡಾಕ್ಟರು ಯಾಕೆ, ಹಿಂದುಳಿದ ಆಸ್ಪತ್ರೆಗಳಿಗೆ ಮೊದಲು ಕೊಡೋಣ ಎಂದು ಬಂದಿತ್ತು.

“ಹಾಗಾದರೆ ಹಿಂದುಳಿಯುವ, ಸರ್,” ಎಂದಳು ಶಶಿಪ್ರಭಾ. ಒಂದು, ನಾಲ್ಕು, ಸೊನ್ನೆ ಒತ್ತಿದಳು. ಆಮೇಲೆ ಉಳಿದ ಹದಿನಾರು ಕೇಸುಗಳು. ಹನೀಫಾ ಗೇಟಿನ ಸಮಯ ಓದುತ್ತಾ ಹೋದರು. ಕಮಲಾಕ್ಷರು ಏನೋ ಗೊಣಗುತ್ತಾ ಆಪರೇಶನ್ ಕೋಣೆಯ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. “ಇನ್ನೆಂತ ನೋಡುವುದು, ಬರಿ. ಎಂಬತ್ತು. ಮುಂದಿನದ್ದು ತೊಂಬತ್ತೈದು,” ಎಂದರು. ಐದಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗಲೇ ಎಲ್ಲ ಹೋಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಂಗಳೂರಿನಿಂದ ಫೋನ್ ಬಂತು, ಶಶಿಪ್ರಭಾಳೇ ಎತ್ತಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಲ್ಲಿಂದ ಒಂದು ಪ್ರಶ್ನೆ ಬಂದಿತ್ತು. “ನೂರ ನಲವತ್ತು ನಿಮಿಷ ಏನು ಮಾಡ್ತಾ ಇದ್ದಿರಿ ನೀವು?” ಎಂದು ಅಧಿಕಾರಿ ಗುಡುಗಿದರು.

“ಅರಿವಳಿಕೆ ಡಾಕ್ಟರನ್ನು ಕಾಯ್ತಾ ಇದ್ದೆವು.”

ಆ ಕಡೆ ಕಾಗದ ಮಗುಚುವ ಸದ್ದು. “ಆದರೆ ನಿಮ್ಮ ಹಳೆಯ ಪಟ್ಟಿಯಲ್ಲಿ ಇದೇ ಧರ್ಣಪ್ಪನಿಗೆ ಮೂವತ್ತು ಅಂತ ಉಂಟು. ಅದನ್ನು ಬರೆದದ್ದು ಯಾರು?”

ಎದುರಿಗೆ ಕುಳಿತಿದ್ದ ಕಮಲಾಕ್ಷರು ಹೇಳಬೇಡ ಎಂದು ಕೈಸನ್ನೆ ಮಾಡಿದರು. ಶಶಿಪ್ರಭಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಮೂವತ್ತು ಬರೆದದ್ದು ನಾನೇ ಸರ್. ಕಾಲು ಹೋದದ್ದು ಮಾತ್ರ ಧರ್ಣಪ್ಪನದ್ದು. ಡಾಕ್ಟರನ್ನು ಯಾವಾಗ ಕಳಿಸ್ತೀರಿ?”