ಏಳು ಬಾಸುಂಡೆ

ಅಪ್ಪನ ಬೆಲ್ಟಿನೇಟಿನ ಮೇಲೆ ಹಾಡು ಕಟ್ಟಿಯೇ ಸುಧನ್ವ ಹೆಸರು ಮಾಡಿದ್ದ. ‘ಏಳು ಬಾಸುಂಡೆ’ ಹಾಡಿಗೆ ಅವನು ಗಿಟಾರು ಮೀಟಿದರೆ ಸಾಕು, ಕಾಲೇಜು ಹುಡುಗರು ಮುಷ್ಟಿ ಎತ್ತಿ ಅವನ ಅಪ್ಪನಿಗೆ ಶಾಪ ಹಾಕುತ್ತಿದ್ದರು. ಯಾವ ಆಡಿಯೊ ಕಂಪನಿಯ ಹಂಗೂ ಇಲ್ಲದೆ ಹದಿನೈದು ವರ್ಷ ರಾಕ್ ಹಾಡಿದ ಮೇಲೆ ಈಗ ಹೊಸ ಆಲ್ಬಮ್ ಬರುವುದಿತ್ತು. ‘ಅಪ್ಪಾ, ಕ್ಷಮಿಸಿದ್ದೇನೆ’ ಎಂದು ಹೆಸರು. ಇದಾದರೂ ತನ್ನ ಕೈ ಹಿಡಿದೀತು ಎಂದು ನಂಬಿದ್ದ.

ಬಿಡುಗಡೆಯ ಸಂಜೆ ವೇದಿಕೆಯ ಹಿಂದಿನ ಕೋಣೆಗೆ ಅಪ್ಪ ಬಂದರು. ಚಿಲಕ ಹಾಕಿ, ಕೈಚೀಲದಿಂದ ಬೆಲ್ಟು ತೆಗೆದರು.

“ಅಂಗಿ ಬಿಚ್ಚು.”

“ಅಪ್ಪಾ, ಹೊರಗಡೆ ಜನ ಇದಾರೆ.”

“ಇರ್ಲಿ. ಎಷ್ಟೇಟು ಅಂತ ಹಾಡ್ತೀಯ?”

“ಏಳು.”

“ಎಣಿಸ್ಕೊ.”

ಹೊರಗೆ ಡ್ರಮ್ಸ್ ಬಾರಿಸಿ ನೋಡುತ್ತಿದ್ದರು. ಮೊದಲ ಏಟಿನ ಸದ್ದು ಅದರಲ್ಲೇ ಮುಳುಗಿತು. ಮೂರನೆಯದಕ್ಕೆ ಬೆನ್ನಿನ ಚರ್ಮ ಸುಲಿಯಿತು. ಐದನೆಯದು ಬಕಲಿನ ಕಡೆಯಿಂದ ಬಿದ್ದು, ಭುಜ ಒಡೆದು ರಕ್ತ ಸೊಂಟದವರೆಗೆ ಇಳಿಯಿತು. ಸುಧನ್ವ ಹಲ್ಲು ಕಚ್ಚಿ ಗೋಡೆ ಹಿಡಿದು ನಿಂತಿದ್ದ. ಒಮ್ಮೆಯೂ ಕೈ ಅಡ್ಡ ತರಲಿಲ್ಲ.

ಏಳಕ್ಕೆ ಅಪ್ಪ ನಿಲ್ಲಿಸಿದರು. ಅವರಿಗೇ ಏದುಸಿರು ಬರುತ್ತಿತ್ತು.

“ಹಾಡು ಕೇಳಿ ಊರೋರು ನನ್ನ ಮುಖಕ್ಕೆ ಉಗಿದ್ರು. ಮಗನ ಹೊಟ್ಟೆಪಾಡು ಅಂತ ಸುಮ್ನಿದ್ದೆ. ಕ್ಷಮಿಸಿದೀನಿ ಅಂದ್ಯಲ್ಲ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ.”

ಪಂಚೆ ಸರಿಮಾಡಿಕೊಂಡು ಬೆಲ್ಟನ್ನು ಗಿಟಾರಿನ ಮೇಲಿಟ್ಟರು. ಅಂಗಡಿಯ ಬೆಲೆಚೀಟಿ ಅದರಲ್ಲಿ ಇನ್ನೂ ನೇತಾಡುತ್ತಿತ್ತು.

“ನೀನು ಹುಟ್ಟಿದಾಗಿಂದ ಒಂದೇಟೂ ಹೊಡೆದಿರ್ಲಿಲ್ಲ. ಈಗ ಹೊಡೆದಿದೀನಿ, ಕ್ಷಮಿಸು.”