ಹಳದಿ ಸ್ಕಾರ್ಫು

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಲವತ್ತರ ದಶಕ. ತಿಕೋಟಾದ ನಮ್ಮ ಶಾಲೆಯಲ್ಲಿ ಹುಡುಗಿಯರ ಲೇಜಿಮು ದಳವಿತ್ತು. ವಿಜಾಪುರದ ವ್ಯಾಪಾರಸ್ಥರ ಸೇವಾ ಸಂಘವೊಂದು ನಮಗೆ ಕುಣಿಯುತ್ತ ಝಣಝಣ ಬಾರಿಸುವ ಆ ಲೇಜಿಮುಗಳನ್ನು ಕೊಡಿಸಿತ್ತು. ಹೆಜ್ಜೆ ಕಲಿಸಿದವಳು, ಮುಂದೆ ನಿಂತು ಹುಕುಂ ಕೂಗುತ್ತಿದ್ದವಳು ಊರ ಹೊರಗಿನ ಕೇರಿಯ ಕಾಶವ್ವ. ನನಗಿಂತ ಎರಡು ವರ್ಷ ದೊಡ್ಡವಳು.

ಒಂದು ಮಧ್ಯಾಹ್ನ ಸಂಘದ ಅಧ್ಯಕ್ಷರು ದಳಕ್ಕೆ ಸ್ಕಾರ್ಫು ಹಂಚಲು ಬಂದರು. ಗಂಜಿ ಹಾಕಿದ, ಕೊರಳಿಗೆ ಚುಚ್ಚುವಂಥ ಹಳದಿ ಬಟ್ಟೆ. ಒಬ್ಬೊಬ್ಬಳಿಗೂ ತಾವೇ ಕಟ್ಟಿ ಕೆನ್ನೆ ತಟ್ಟಿದರು. ಕಾಶವ್ವನ ಮುಂದೆ ಬಂದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಸ್ಕಾರ್ಫನ್ನು ಅವಳ ಕಡೆ ಎಸೆದರು. ಅವಳು ಕೈ ಚಾಚಲಿಲ್ಲ. ಅದು ಮಣ್ಣಿಗೆ ಬಿತ್ತು.

“ನನಗೂ ಕೊಳ್ಳಾಗ ಕಟ್ರಿ, ಸಾಹೇಬ್ರ,” ಅಂದಳು.

ಅಧ್ಯಕ್ಷರು ನಕ್ಕು ನಮಗೆ ಪಾಠ ಹೇಳುವ ಅಕ್ಕೋರ ಕಡೆ ನೋಡಿದರು. ಅಕ್ಕೋರು ಹಲ್ಲು ಕಚ್ಚಿ, “ಸುಮ್ನ ಎತ್ತಿಕೋ ಬೇ, ದೊಡ್ಡವರು ಕೊಟ್ಟಾರ,” ಎಂದರು.

“ಕೊಟ್ಟಿಲ್ರಿ ಅಕ್ಕೋರ, ಒಗದಾರ.”

ಕಾಶವ್ವ ತನ್ನ ಲೇಜಿಮನ್ನು ನೆಲಕ್ಕಿಟ್ಟು, ತಿರುಗಿ ನೋಡದೆ ಹೊರಟುಹೋದಳು. ನಮ್ಮಲ್ಲಿ ಒಬ್ಬಳೂ ಅವಳ ಹಿಂದೆ ಹೋಗಲಿಲ್ಲ.

“ಇನ್ನ ಹುಕುಂ ಕೊಡಾವ್ರ ಯಾರ?” ಅಧ್ಯಕ್ಷರು ಕೇಳಿದರು.

ಅಕ್ಕೋರ ಬೆರಳು ನನ್ನತ್ತ ತಿರುಗಿತು. ನಾನು ಕಾಶವ್ವನ ಜಾಗದಲ್ಲಿ ನಿಂತು, ಅವಳು ಕಲಿಸಿದ ಧಾಟಿಯಲ್ಲೇ ಕೂಗಿದೆ. ಒಬ್ಬಳ ಹೆಜ್ಜೆಯೂ ತಪ್ಪಲಿಲ್ಲ. ಅಧ್ಯಕ್ಷರು ಚಪ್ಪಾಳೆ ತಟ್ಟಿ, “ಶಾಬಾಸ್! ಈಗ ಚೊಲೋ ಆತು ನೋಡ್ರಿ,” ಅಂದರು.

ನಾನು ಅವರಿಗೆ ಕೈ ಮುಗಿದೆ.