ಉಪ್ಪು ಸಕ್ಕರೆಯ ನೀರು

ಉಪ್ಪು, ಸಕ್ಕರೆ ಬೆರೆತ ನೀರಿನ ರುಚಿ ನಾಲಿಗೆಗೆ ತಾಗಿದರೆ ಈಗಲೂ ನನಗೆ ರಬಕವಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ವರ್ಷ ತುಂಬದ ತಮ್ಮನಿಗೆ ಬೆಳಗಿನಿಂದ ವಾಂತಿಭೇದಿ. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ, ಉಚ್ಚೆಯೂ ನಿಂತುಹೋಗಿತ್ತು. "ನೀರು ಕುಡಿಸಬ್ಯಾಡ, ಕುಡಿಸಿದ್ದೆಲ್ಲಾ ಹೊರಗ ಬೀಳಾಕತ್ತೈತಿ" ಎಂದಳು ಅಜ್ಜಿ. ಅವ್ವ ಮಗ್ಗ ಬಿಟ್ಟು ಓಡಿಹೋಗಿ ನರ್ಸಬಾಯಿಯನ್ನು ಕರೆತಂದಳು.

ನರ್ಸಬಾಯಿ ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಅಳೆದು ಹಾಕಿದರು. "ಕರುಳಿನ ಜೀವಕೋಶಕ್ಕ ತೆಳ್ಳನ ಪೊರಿ ಇರತೈತಿ, ಅದರಾಗ ಸಣ್ಣ ಸಣ್ಣ ಬಾಗಲಾ. ಉಪ್ಪು, ಸಕ್ಕರಿ ಜೋಡಿಲೆ ಬಂದ್ರ ಅವು ತೆರಿತಾವ. ಇವೆರಡರ ಬೆನ್ನ ಹತ್ತಿ ನೀರೂ ಒಳಗ ಹೋಕ್ಕೈತಿ. ಕಾರಿಕೊಂಡ್ರೂ ಬಿಡಬ್ಯಾಡವಾ, ಚಮಚಾ ಚಮಚಾ ಹಾಕು."

ತಮ್ಮ ಕಾರಿಕೊಂಡ. ಅವ್ವ ಸೆರಗಿನಿಂದ ಅವನ ಬಾಯಿ ಒರೆಸಿ, ಸ್ವಲ್ಪ ತಡೆದು, ಮತ್ತೊಂದು ಚಮಚ ಹಾಕಿದಳು. ಮತ್ತೆ ಕಾರಿದ, ಮತ್ತೆ ಹಾಕಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಮಡಿಲು ಒದ್ದೆಯಾಯಿತು. ತಮ್ಮ ಉಚ್ಚೆ ಹೊಯ್ದಿದ್ದ.

"ನೀರು ಒಳಗ ಹೋಗೈತಿ ನೋಡ್ರಿ ಅತ್ತಿ" ಎಂದಳು ಅವ್ವ.

ಅಜ್ಜಿ ಹತ್ತಿರ ಬಂದು ಕುಳಿತು, ಅವಳ ಕೈಯಿಂದ ಚಮಚ ತೆಗೆದುಕೊಂಡಳು. "ನೀ ಏಳು, ಎರಡು ತುತ್ತು ಉಣ್ಣು. ನಾ ಹಾಕ್ತೇನಿ."